ಕುರಿರೊಪ್ಪದ ಜ್ವರ

ಮಳೆರಾಯನ ಕೃಪೆ ಎಂದೂ ಅಷ್ಟಕ್ಕಷ್ಟೇ ಆಗಿರುವ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗಳಲ್ಲಿ ಬೆಳೆ ಕೈಕೊಟ್ಟ ವರ್ಷವೂ ಅನೇಕರ ಒಲೆ ಉರಿಯುವುದು ಕುರಿಯ ದೆಸೆಯಿಂದ. ಚಳ್ಳಕೆರೆಯ ಕಂಬಳಿಯನ್ನು ನಾಡೆಲ್ಲ ಬಲ್ಲುದು. ಆ ಉಣ್ಣೆಯ ಹಿಂದಿರುವ ಕುರಿಗಾಹಿಯ ಮೈಗೆ ಒದಗಬಹುದಾದ ಜ್ವರವೊಂದನ್ನು ಬಲ್ಲವರು ವಿರಳ.

ಗಬ್ಬದ ಕುರಿ ದಿನ ತುಂಬುವ ಮುನ್ನವೇ ಕಂದು ಹಾಕುವುದಕ್ಕೆ ಕಾರಣಗಳು ಹಲವು. ಮನುಷ್ಯನಿಗೆ ಆ ಜ್ವರವನ್ನು ತರುವ ಬ್ರೂಸೆಲ್ಲೋಸಿಸ್ ಎಂಬ ಕಂದುರೋಗ ಅವುಗಳಲ್ಲೊಂದು. ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಮಡಿದ ಸೈನಿಕರ ದೇಹದಿಂದ ಇದರ ರೋಗಾಣುವನ್ನು ಸೇನಾವೈದ್ಯ ಡೇವಿಡ್ ಬ್ರೂಸ್ 1887ರಲ್ಲಿಯೇ ಬೇರ್ಪಡಿಸಿದನಾದರೂ, ಅದರ ಆಶ್ರಯಸ್ಥಾನ ಆಡೆಂಬುದು ತಿಳಿದದ್ದು 1905ರಲ್ಲಿ, ಅಲ್ಲಿಯದೇ ವೈದ್ಯ ಥೆಮಿಸ್ಟೊಕ್ಲಿಸ್ ಜಮ್ಮಿತ್ ಆಡುಗಳ ರಕ್ತವನ್ನು ಪರೀಕ್ಷಿಸಿದಾಗ. ನೋಡಲು ದಷ್ಟಪುಷ್ಟವಾಗಿದ್ದ ಆಡನ್ನು ಯಾರು ತಾನೇ ಶಂಕಿಸಿಯಾರು!

ಆಡು, ಕುರಿ, ದನಗಳ ಮಾಸಿನಲ್ಲಿ ಎರಿತ್ರಿಟಾಲ್ ಎಂಬ, ಸಕ್ಕರೆಗೆ ಸಮೀಪದ ದ್ರವ್ಯವೊಂದುಂಟು. ಈ ರೋಗಾಣುವಿಗೆ ಅದು ಪರಮಪ್ರಿಯವಾದ ಆಹಾರವಾದುದರಿಂದ ಅಲ್ಲಿ ರೋಗಾಣು ಮಿತಿಮೀರಿ ವೃದ್ಧಿಹೊಂದಿ, ಕಂದು ಬಿದ್ದಾಗ ಮಾಸು ನೀರುಗಳೊಡನೆ ಅಸಂಖ್ಯವಾಗಿ ಹೊರಬೀಳುತ್ತದೆ. ನಡುರಾತ್ರಿ ಬಯಲಿನಲ್ಲಿ ಮಂದೆ ಹಾಕಿ ಮಲಗಿದವನು, ಕುರಿ ಈಯಲಾರದೆ ನರಳಿದರೆ, ಬರಿಗೈಯಿಂದಲೇ ಮರಿಯನ್ನೆಳೆದು, ಮೂಗಿನ ಲೋಳೆ ತೆಗೆದು, ಕೈಯನ್ನು ಹೊದ್ದ ಕಂಬಳಿಗೇ ಒರಸಿಕೊಳ್ಳುತ್ತಾನೆ. ಮುಳ್ಳು ಗೀರಿದ ಬೆರಳಿನ ಸಣ್ಣ ಗಾಯ ರೋಗಾಣುವಿಗೆ ಸಾಕಷ್ಟು ದೊಡ್ಡ ಬಾಗಿಲು. ಕಾಯಿಸದ ಹಾಲು ಮತ್ತೊಂದು ಮಾರ್ಗ. ಬಿಸಾಡಿದ ಮಾಸನ್ನು ನಾಯಿ ರೊಪ್ಪದಿಂದ ರೊಪ್ಪಕ್ಕೆ ಎಳೆದೊಯ್ಯುವುದೂ ಉಂಟು. ಸುಣ್ಣ ಸುರಿದು ಆಳವಾಗಿ ಹೂಳಬೇಕೆನ್ನುವುದು ಅದಕ್ಕಾಗಿಯೇ.

ಮನುಷ್ಯನಲ್ಲಿ ಇದು ಬಹುರೂಪಿ. ಜ್ವರ ಏರಿಳಿಯುತ್ತದೆ, ರಾತ್ರಿ ಮೈ ಬೆವರುತ್ತದೆ, ಸೊಂಟ ಕೀಲುಗಳು ಹಿಡಿದುಕೊಳ್ಳುತ್ತವೆ. ಮಲೇರಿಯಾವೆಂದೋ, ಬೆನ್ನುಮೂಳೆಯ ಕ್ಷಯವೆಂದೋ, ಬರಿಯ ವಾತವೆಂದೋ ಭ್ರಮೆ ಹುಟ್ಟುತ್ತದೆ. ವಿಜಯಪುರದ ವೈದ್ಯರು 16 ವರ್ಷಗಳಲ್ಲಿ ಕಂಡ ನೂರಾರು ರೋಗಿಗಳ ವೃತ್ತಾಂತವನ್ನು 2006ರಲ್ಲಿ ಪ್ರಕಟಿಸಿದಾಗ ಕರ್ನಾಟಕದಲ್ಲಿ ಇದು ಅಪರೂಪದ್ದಲ್ಲವೆಂಬುದು ಸ್ಪಷ್ಟವಾಯಿತು. ರೋಗಾಣು ನಮ್ಮ ರಕ್ಷಕ ಕಣಗಳೊಳಗೇ ಅಡಗಿ ಬಾಳುವುದರಿಂದ ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್‌ಗಳಂಥ ಎರಡು ಔಷಧಗಳನ್ನು ಒಟ್ಟಿಗೆ ಕಡಿಮೆಯೆಂದರೆ 6 ವಾರ ಸೇವಿಸಬೇಕು. ಜ್ವರ ಬಿಟ್ಟಿತೆಂದು ಮಾತ್ರೆಯನ್ನೂ ಬಿಟ್ಟರೆ ಅದು ಮರುಕಳಿಸುತ್ತದೆ. ವೈದ್ಯನು ನಾಡಿ ಹಿಡಿಯುವ ಮೊದಲೇ ಕಸುಬನ್ನು ಕೇಳುವುದು ಲೇಸು.

ಮನುಷ್ಯರಿಗೆ ಲಸಿಕೆಯಿಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಂದುರೋಗದ ಲಸಿಕೆಯನ್ನು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ, ಜೀವಮಾನದಲ್ಲಿ ಒಮ್ಮೆ ಹಾಕುತ್ತಾರೆ. ಆದರೆ ಮನುಷ್ಯನನ್ನು ಅತಿ ಹೆಚ್ಚು ಪೀಡಿಸುವ ಪ್ರಭೇದ ಆಡು ಕುರಿಗಳದ್ದು, ಮತ್ತು ಆ ಲಸಿಕೆಯ ಸೂಜಿ ಕುರಿರೊಪ್ಪದವರೆಗೆ ಬಂದಿಲ್ಲ.