ನೆಲಮಂಗಲದ ಕವಲಿನಲ್ಲಿ ಮೂವತ್ತು ದಿನ

ತುಮಕೂರಿನ ಹೆದ್ದಾರಿ, ಕುಣಿಗಲ್‌ನ ಹೆದ್ದಾರಿ ಎರಡೂ ಬಂದು ಕೂಡುವುದು ನೆಲಮಂಗಲದಲ್ಲಿ. ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವರು ಈ ಊರನ್ನು ದಿನಕ್ಕೆರಡು ಸಲ ಬಸ್ಸಿನ ಕಿಟಕಿಯಲ್ಲೇ ದಾಟಿಬಿಡುತ್ತಾರೆ. ಇದರ ಮಗ್ಗುಲಲ್ಲೇ ಅರಿಶಿನಕುಂಟೆ. ಅಲ್ಲಿದೆ ರುಡ್‌ಸೆಟ್ ಸಂಸ್ಥೆ. ‘ಉಚಿತ ತರಬೇತಿ, ಊಟ ವಸತಿ ಸಹಿತ’ ಎಂಬ ಅದರ ಪುಟ್ಟ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಆಗಾಗ ಬರುತ್ತಿರುತ್ತದೆ. ಮೂವತ್ತು ದಾಟಿದವರು ಅದನ್ನು ಹುಡುಗರಿಗೆ ಮೀಸಲೆಂದುಕೊಂಡು ಪುಟ ತಿರುಗಿಸುತ್ತಾರೆ. ಹಾಗಲ್ಲ, 45ರವರೆಗಿನವರಿಗೂ ಅಲ್ಲಿ ಜಾಗವಿದೆ.

ಸಂಸಾರ ಹೊತ್ತವರಿಗೆ ಹೊಸ ಕಸುಬು ಕಲಿಯುವ ದಾರಿ ಕಡಿಮೆ. ಐಟಿಐಗೆ ಗರಿಷ್ಠ ವಯಸ್ಸಿನ ಕಟ್ಟಿಲ್ಲ, ನಿಜ. ಆದರೆ ವರ್ಷ, ಎರಡು ವರ್ಷ ಹಗಲಲ್ಲಿ ಬೆಂಚಿನ ಮೇಲೆ ಕೂತರೆ ಮನೆ ನಡೆಸುವವರು ಯಾರು? ತುಮಕೂರಿನ ವಸಂತನರಸಾಪುರದಲ್ಲಿ ಕಾರ್ಖಾನೆಗಳು ಬಂದಿವೆ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಯೇ ಉದ್ಘಾಟನೆಯಾಗಿದೆ. ಅಂಥ ಬಾಗಿಲಿಗೆ ಹೋದರೆ ಮೊದಲು ಕೇಳುವುದು ಸರ್ಟಿಫಿಕೇಟು.

ರುಡ್‌ಸೆಟ್ ಹಿಡಿದದ್ದು ಬೇರೆ ದಾರಿ. 1982ರಲ್ಲಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್‌ಗಳ ಜೊತೆಗೂಡಿ ಉಜಿರೆಯಲ್ಲಿ ಇದನ್ನು ಆರಂಭಿಸಿದರು. ಜಿಲ್ಲೆಗೊಂದರಂತೆ ಬ್ಯಾಂಕುಗಳು ನಡೆಸುವ ಆರ್‌ಸೆಟಿ ಎಂಬ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಿಗೆ ಮಾದರಿಯಾದದ್ದು ಇದೇ. ಇಲ್ಲಿ ಕೆಲಸ ಕೊಡಿಸುವ ಮಾತಿಲ್ಲ; ಸ್ವಂತ ಕಸುಬು ಹೂಡಿಸುವುದೇ ಉದ್ದೇಶ. ಹೈನುಗಾರಿಕೆಗೆ ಹತ್ತು ದಿನ ಸಾಕು. ಮನೆ ವೈರಿಂಗ್, ಹೊಲಿಗೆ, ಮೊಬೈಲ್ ರಿಪೇರಿ, ಮೋಟಾರ್ ರಿವೈಂಡಿಂಗ್ ಇವಕ್ಕೆ ತಿಂಗಳು ಬೇಕು. ಕಲಿತು ಹೋದವರನ್ನು ಎರಡು ವರ್ಷ ವಿಚಾರಿಸಿಕೊಳ್ಳುವ, ಬ್ಯಾಂಕ್ ಸಾಲಕ್ಕೆ ದಾರಿ ತೋರಿಸುವ ಕ್ರಮವೂ ಉಂಟು.

ನನಗೆ ಬಹಳ ಹಿಡಿಸಿದ್ದು ಈ ತರಬೇತಿಯ ಆಟಗಳು. ಒಂದರಲ್ಲಿ ನೆಟ್ಟ ಗೂಟಕ್ಕೆ ಬಳೆ ಎಸೆಯಬೇಕು. ಎಷ್ಟು ದೂರ ನಿಲ್ಲಬೇಕೆಂಬುದು ಎಸೆಯುವವರ ಇಷ್ಟ. ಗೂಟದ ಪಕ್ಕವೇ ನಿಂತರೆ ಅಂಕ ಸಿಕ್ಕದು, ತೀರಾ ದೂರ ನಿಂತರೆ ಬಳೆ ಬೀಳದು. ತನ್ನ ಕೈಯಳತೆ ಎಷ್ಟೆಂದು ಎರಡು ಸಲ ಎಸೆದ ಮೇಲೆ ತಾನೇ ಗೊತ್ತಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲೆಂಡ್ 1960ರ ದಶಕದಲ್ಲಿ ಆಂಧ್ರದ ಕಾಕಿನಾಡದಲ್ಲಿ ಸಣ್ಣ ವ್ಯಾಪಾರಿಗಳಿಗೆ ತರಬೇತಿ ಕೊಟ್ಟು ನೋಡಿದ್ದು ಈ ವಿಚಾರವನ್ನೇ. ಸಾಲ ಎಷ್ಟು ಎತ್ತಬೇಕೆಂಬ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಒಂದು ಕೊರತೆ ಮಾತ್ರ ಹೇಳಲೇಬೇಕು. ಊಟ, ವಸತಿ, ಪಾಠ ಎಲ್ಲ ಉಚಿತವಾದರೂ ಮೂವತ್ತು ದಿನದ ಕೂಲಿ ಹೋದದ್ದು ಹೋದದ್ದೇ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಕಮ್ಮಾರ, ಕುಂಬಾರ, ದರ್ಜಿ ಮುಂತಾದ 18 ಕಸುಬಿನವರಿಗೆ ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ ಇದೆ, ಉಪಕರಣಕ್ಕೆ 15,000 ರೂಪಾಯಿ ಇದೆ. ಹೊಸ ಕಸುಬಿಗೆ ಕೈಹಾಕುವ ದುಡಿಮೆಗಾರನಿಗೂ ಅಂಥದ್ದೊಂದು ಭತ್ಯೆ ಸಿಗಬೇಕು. ದುಡಿಯುವವರ ಕಲಿಕೆಗೆ ಆಸರೆಯಾಗುವುದು ಈ ಸೀಮೆಗೆ ಹೊಸ ಮಾತಲ್ಲ. ನಾಟಕದ ಕಂಪನಿಯಲ್ಲಿದ್ದ ಬಿ.ವಿ. ಕಾರಂತರನ್ನು ಬನಾರಸಿಗೆ ಓದಲು ಕಳಿಸಿದ್ದು ಅವರ ಯಜಮಾನರಾಗಿದ್ದ ಗುಬ್ಬಿ ವೀರಣ್ಣನವರೇ.

ಗುಬ್ಬಿ ಕಡೆಯವರು ಯಾವ ಕಸುಬು ಕಲಿಯಲಿ ಎಂದು ಕೇಳಿದರೆ ನಾನು ಮೋಟಾರ್ ರಿವೈಂಡಿಂಗ್ ಎನ್ನುತ್ತೇನೆ. ತೆಂಗು, ಅಡಿಕೆ ತೋಟಗಳೆಲ್ಲ ಕೊಳವೆಬಾವಿ ನೆಚ್ಚಿಕೊಂಡ ಸೀಮೆಯಿದು. ಶಿವರಾತ್ರಿ ಕಳೆದು ನೀರು ಕೆಳಗಿಳಿದರೆ, ಕರೆಂಟು ಏರುಪೇರಾದರೆ ಮೋಟಾರ್ ಸುಡುತ್ತದೆ. ಸುಟ್ಟ ಮೋಟಾರ್ ನಾಲ್ಕು ದಿನ ಅಂಗಡಿಯಲ್ಲಿ ಬಿದ್ದಿದ್ದರೆ ಅಷ್ಟೂ ದಿನ ತೋಟ ಒಣಗುತ್ತದೆ. ಹಾಗಾಗಿ ಕಲಿಯುವವರು ಸಂಕ್ರಾಂತಿಯ ಆಸುಪಾಸಿನ ತಂಡ ಹಿಡಿದರೆ, ಮೊದಲ ಮೋಟಾರ್ ಸುಡುವ ಹೊತ್ತಿಗೆ ಊರಲ್ಲಿರುತ್ತಾರೆ.