ಕೀಬೋರ್ಡ್ ಮನೆಯಲ್ಲೇ ಮಾಡ್ಬೇಕಾ? ಚಿಪ್ ತಗೊಳ್ಳೋ ಮುಂಚೆ ಇದನ್ನ ಓದಿ

ಬೀದರ್: ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್‌ಗೆ ಬರೀ ಅಂಕಿಗಳ ಚಿಕ್ಕ ಕೀಬೋರ್ಡ್, ಡಿಟಿಪಿ ಸೆಂಟರ್‌ಗೆ ಗಟ್ಟಿ ಕೀಗಳ ದೊಡ್ಡ ಕೀಬೋರ್ಡ್. ಎರಡನ್ನೂ ಮನೆಯಲ್ಲೇ ಮಾಡಬಹುದು. ಆದರೆ ಹೆಚ್ಚಿನವರು ಎಡವೋದು ಮೊದಲ ಹೆಜ್ಜೆಯಲ್ಲೇ, ಅಂದ್ರೆ ಮೈಕ್ರೋಕಂಟ್ರೋಲರ್ ಆರಿಸುವಾಗ.

ಕೀ ಒತ್ತಿದ್ದನ್ನು ಗುರುತಿಸಿ ಕಂಪ್ಯೂಟರ್‌ಗೆ ತಿಳಿಸೋದು ಈ ಚಿಪ್‌ನ ಕೆಲಸ.

ಊನೊ ಯಾಕೆ ಬೇಡ?

ಕಾಲೇಜು ಪ್ರಾಜೆಕ್ಟ್‌ಗಳಲ್ಲಿ ಬಳಸುವ ಆರ್ಡುಯಿನೊ ಊನೊ ಆರ್‌3 ಮನೆಯಲ್ಲಿ ಬಿದ್ದಿರುತ್ತೆ, ಅದನ್ನೇ ಹಾಕೋಣ ಅನ್ನಿಸಬಹುದು. ಅದರ ಮುಖ್ಯ ಚಿಪ್ ಎಟಿಮೆಗಾ328ಪಿಯಲ್ಲಿ ಯುಎಸ್‌ಬಿ ಇಲ್ಲ. ಹಾಗಾಗಿ ಕಂಪ್ಯೂಟರ್ ಅದನ್ನು ನೇರವಾಗಿ ಕೀಬೋರ್ಡ್ ಅಂತ ಒಪ್ಪಲ್ಲ.

ಯಾವುದು ಸರಿ?

ಪ್ರೊ ಮೈಕ್ರೊ ಬೋರ್ಡ್‌ನ ಎಟಿಮೆಗಾ32ಯು4 ಚಿಪ್‌ನಲ್ಲಿ ಯುಎಸ್‌ಬಿ ಒಳಗೇ ಇದೆ. ಬಳಸಲು 18 ಪಿನ್ ಸಿಗುತ್ತವೆ, ಮೆಮೊರಿ 32 ಕೆಬಿ. 2021ರಲ್ಲಿ 4 ಡಾಲರ್ ಬೆಲೆಗೆ ಬಂದ ರಾಸ್ಪ್‌ಬೆರಿ ಪೈ ಪಿಕೊದಲ್ಲಿ 26 ಪಿನ್, 2 ಎಂಬಿ ಮೆಮೊರಿ ಇದೆ. ಎರಡಕ್ಕೂ ಕ್ಯೂಎಂಕೆ ಎಂಬ ಉಚಿತ ಸಾಫ್ಟ್‌ವೇರ್ ನಡೆಯುತ್ತೆ.

104 ಕೀಗೆ 104 ಪಿನ್ ಬೇಕಿಲ್ಲ. ಕೀಗಳನ್ನು ಅಡ್ಡ-ಉದ್ದ ಸಾಲಾಗಿ ಜೋಡಿಸಿದ್ರೆ 6 ಅಡ್ಡ, 18 ಉದ್ದ ಸೇರಿ 24 ಪಿನ್ ಸಾಕು. ಅದು ಪಿಕೊಗೆ ಹಿಡಿಸುತ್ತೆ, ಪ್ರೊ ಮೈಕ್ರೊಗೆ ಹಿಡಿಸಲ್ಲ. 17 ಕೀಗಳ ನಂಬರ್ ಪ್ಯಾಡ್‌ಗೆ 9 ಪಿನ್ ಸಾಕು, ಅದಕ್ಕೆ ಪ್ರೊ ಮೈಕ್ರೊ ಧಾರಾಳ. ಒಂದೊಂದು ಕೀಗೂ ಒಂದು 1ಎನ್4148 ಡಯೋಡ್ ಹಾಕಲೇಬೇಕು. ಇಲ್ಲಾಂದ್ರೆ ಮೂರು ಕೀ ಒಟ್ಟಿಗೆ ಒತ್ತಿದಾಗ ಒತ್ತದ ನಾಲ್ಕನೇ ಅಕ್ಷರ ಮೂಡಬಹುದು. ಬಿಲ್ಲಿಂಗ್‌ನಲ್ಲಿ ಹಿಂಗಾದ್ರೆ ಲೆಕ್ಕವೇ ತಪ್ಪುತ್ತೆ.

ವೈರ್ ಬೇಡ ಅನ್ನುವವರಿಗೆ ಬ್ಲೂಟೂತ್ ಇರುವ ಇಎಸ್‌ಪಿ32 ಇದೆ. ಆದರೆ ಬ್ಯಾಟರಿ ಚಾರ್ಜ್ ಮಾಡ್ತಾ ಇರಬೇಕು. ಒಂದೇ ಕಡೆ ಕೂತು ಮಾಡೋ ಅಂಗಡಿ ಕೆಲಸಕ್ಕೆ ವೈರೇ ವಾಸಿ.

ಕನ್ನಡಕ್ಕೆ ಬೇರೆ ಚಿಪ್ ಬೇಕಾ?

ಬೇಡ. ಕೀಬೋರ್ಡ್ ಅಕ್ಷರ ಕಳಿಸಲ್ಲ, ಯಾವ ಕೀ ಒತ್ತಿದ್ರು ಅನ್ನೋ ಸಂಖ್ಯೆ ಮಾತ್ರ ಕಳಿಸುತ್ತೆ. 'ಕೆ' ಒತ್ತಿದಾಗ 'ಕ' ಮೂಡಿಸೋದು ಕಂಪ್ಯೂಟರ್‌ನಲ್ಲಿರುವ ನುಡಿಯಂಥ ತಂತ್ರಾಂಶ. ಆದ್ದರಿಂದ 'ಕನ್ನಡ ಚಿಪ್' ಅಂತ ಯಾರಾದ್ರೂ ಜಾಸ್ತಿ ದುಡ್ಡು ಕೇಳಿದ್ರೆ ಕೊಡಬೇಡಿ.

ಎಲ್ಲಿ ಸಿಗುತ್ತೆ?

ಭಾಲ್ಕಿ, ಔರಾದ್ ಕಡೆಯವರು ಆನ್‌ಲೈನ್‌ನಲ್ಲಿ ತರಿಸಬಹುದು. ಹೈದರಾಬಾದ್‌ಗೆ ಹೋಗುವವರಿದ್ರೆ ಕೋಠಿಯ ಗುಜರಾತಿ ಗಲ್ಲಿಯಲ್ಲಿ ವಿಚಾರಿಸಿ. ಯುಎಸ್‌ಬಿ ಕೇಬಲ್ ಡೇಟಾ ಹೋಗುವಂಥದ್ದೇ ಇರಲಿ. ಬರೀ ಚಾರ್ಜಿಂಗ್ ಕೇಬಲ್ ಹಾಕಿದ್ರೆ ಒಳ್ಳೇ ಬೋರ್ಡ್ ಕೂಡ ಕೆಟ್ಟಿದೆ ಅನ್ನಿಸುತ್ತೆ. ಮೊದಲು ನಂಬರ್ ಪ್ಯಾಡ್ ಮಾಡಿ ನೋಡಿ. ಅದು ಸರಿಯಾಗಿ ನಡೆದ ಮೇಲೆ ದೊಡ್ಡದಕ್ಕೆ ಕೈ ಹಾಕಿ.