ಮಹಾಧಮನಿಯ ಒಳನೋಟ

ದೇಹಕ್ಕೆಲ್ಲ ಹಂಚಬೇಕಾದ ಶುದ್ಧರಕ್ತ ಹೃದಯದಿಂದ ಹೊರಟು ಮೊದಲು ಹಾಯುವುದು ಒಂದೇ ರಾಜಮಾರ್ಗದಲ್ಲಿ. ಅದೇ ಮಹಾಧಮನಿ. ಎದೆಯಲ್ಲಿ ಮೇಲೇರಿ, ಕೊಡೆಯ ಹಿಡಿಯಂತೆ ಬಾಗಿ, ಬೆನ್ನೆಲುಬಿನ ಮಗ್ಗುಲಲ್ಲೇ ಹೊಟ್ಟೆಗಿಳಿಯುತ್ತದೆ. ಹೊಟ್ಟೆಯಲ್ಲಿ ಅದರ ಅಗಲ ಸುಮಾರು 2 ಸೆಂಟಿಮೀಟರ್. 3 ಮುಟ್ಟಿದರೆ ವೈದ್ಯರು ಅದನ್ನು ಉಬ್ಬು ಎನ್ನುತ್ತಾರೆ. ಸೈಕಲ್ಲಿನ ಟ್ಯೂಬು ಸವೆದ ಕಡೆ ಉಬ್ಬುವುದನ್ನು ತಾವು ಕಂಡೇ ಇದ್ದೀರಿ. ಈ ಉಬ್ಬು ಸಾಮಾನ್ಯವಾಗಿ ನೋಯುವುದಿಲ್ಲ. ಅದೇ ಅದರ ಕೇಡು. ವರ್ಷಗಟ್ಟಲೆ ಸುಮ್ಮನಿದ್ದು ಒಂದು ದಿನ ಒಡೆಯಬಹುದು. ವಿಜ್ಞಾನಿ ಐನ್‌ಸ್ಟೈನರಿಗೆ ಆದದ್ದು ಇದೇ. 1948ರಲ್ಲಿ ಶಸ್ತ್ರವೈದ್ಯ ರುಡಾಲ್ಫ್ ನಿಸ್ಸೆನ್ ಅವರ ಹೊಟ್ಟೆ ತೆರೆದು ಉಬ್ಬಿಗೆ ಸೆಲೊಫೇನ್ ಹಾಳೆ ಸುತ್ತಿದರು. 1955ರ ಏಪ್ರಿಲಿನಲ್ಲಿ ಅದು ಒಡೆದೇ ಒಡೆಯಿತು.

ಈಗ ನೋಡುವುದಕ್ಕೆಂದು ಹೊಟ್ಟೆ ತೆರೆಯಬೇಕಾಗಿಲ್ಲ. ನಮ್ಮ ಕಿವಿಗೆ ನಿಲುಕದಷ್ಟು ಮೊನಚಾದ ಧ್ವನಿಯನ್ನು ಒಳಗೆ ಕಳಿಸಿ, ಮರಳಿ ಬಂದ ಮಾರ್ದನಿಯಿಂದ ಚಿತ್ರ ಬರೆಯುವ ಅಲ್ಟ್ರಾಸೌಂಡ್ ಯಂತ್ರ ಕೆಲವೇ ನಿಮಿಷಗಳಲ್ಲಿ ಉಬ್ಬನ್ನು ಅಳೆದುಕೊಡುತ್ತದೆ. ಸೂಜಿಯಿಲ್ಲ, ನೋವಿಲ್ಲ. ಒಮ್ಮೆಯಾದರೂ ಧೂಮಪಾನದ ಅಭ್ಯಾಸವಿದ್ದ 65ರಿಂದ 75 ವರ್ಷದ ಗಂಡಸರು ಒಂದು ಸಲ ಈ ಪರೀಕ್ಷೆ ಮಾಡಿಸಿಕೊಳ್ಳಲಿ ಎಂಬುದು ಅಮೆರಿಕದ ತಜ್ಞರ ಸಲಹೆ.

ಇನ್ನೊಂದು ರೋಗ ಹೀಗೆ ಕಾಯುವುದಿಲ್ಲ. ಮಹಾಧಮನಿಯ ಗೋಡೆಗೆ ಮೂರು ಪದರ. ಒಳಪದರ ಹರಿದರೆ ರಕ್ತ ಪದರಗಳ ನಡುವೆ ನುಗ್ಗಿ ಸುಳ್ಳುದಾರಿಯೊಂದನ್ನು ಕೊರೆಯುತ್ತದೆ. ಎದೆಯಲ್ಲೋ ಬೆನ್ನಿನಲ್ಲೋ ಸೀಳಿದಂಥ ನೋವು ತಟ್ಟನೆ ಏಳುತ್ತದೆ. ಮನೆಯವರು ಹೃದಯಾಘಾತವೆನ್ನುತ್ತಾರೆ; ವೈದ್ಯರಿಗೂ ಹಾಗೆ ತೋರಬಹುದು. ಆದರೆ ಹೃದಯಾಘಾತಕ್ಕೆ ಕೊಡುವ, ರಕ್ತದ ಹೆಪ್ಪು ಕರಗಿಸುವ ಮದ್ದು ಇಲ್ಲಿ ಪ್ರಾಣಕ್ಕೇ ಎರವಾದೀತು. ಎದೆಯ ಕ್ಷ-ಕಿರಣ ಚಿತ್ರ ಸಹಜವಾಗಿ ಕಂಡಿತೆಂದು ನಿಶ್ಚಿಂತರಾಗುವಂತಿಲ್ಲ.

ಆಗ ನೆರವಿಗೆ ಬರುವುದು ಸಿ.ಟಿ. ಯಂತ್ರ. ತೋಳಿನ ರಕ್ತನಾಳಕ್ಕೆ ಅಯೋಡಿನ್ ಬೆರೆತ ದ್ರವವನ್ನು ಚುಚ್ಚಿ ದೇಹವನ್ನು ಹೋಳುಹೋಳಾಗಿ ಚಿತ್ರಿಸಿದರೆ, ನಿಜದಾರಿಯೂ ಸುಳ್ಳುದಾರಿಯೂ ನಡುವೆ ತೆಳುಪರದೆಯೊಂದಿಗೆ ಅಕ್ಕಪಕ್ಕ ಕಾಣುತ್ತವೆ. (1929ರಲ್ಲಿ ಲಿಸ್ಬನ್ನಿನ ವೈದ್ಯ ರೆನಾಲ್ಡೊ ದೊಸ್ ಸಾಂಟೋಸ್ ಇಂಥ ದ್ರವವನ್ನು ಬೆನ್ನಿನ ಕಡೆಯಿಂದ ಉದ್ದ ಸೂಜಿ ಹಾಕಿ ನೇರ ಮಹಾಧಮನಿಗೇ ಬಿಡುತ್ತಿದ್ದರು!) ಸೀಳು ಹೃದಯದ ಸಮೀಪ, ಮೇಲೇರುವ ಭಾಗದಲ್ಲಿದ್ದರೆ ಸಾಮಾನ್ಯವಾಗಿ ತಡಮಾಡದೆ ಶಸ್ತ್ರಕ್ರಿಯೆ, ಕೆಳಗಿಳಿಯುವ ಭಾಗದಲ್ಲಿದ್ದರೆ ಹೆಚ್ಚಾಗಿ ಮೊದಲು ರಕ್ತದೊತ್ತಡ ಇಳಿಸುವ ಔಷಧ.

ರೋಗಿಯನ್ನು ಯಂತ್ರದ ಕೋಣೆಗೆ ಒಯ್ಯುವುದೇ ಅಪಾಯವೆನಿಸಿದರೆ, ಅಲ್ಟ್ರಾಸೌಂಡಿನ ಪುಟ್ಟ ತುದಿಯುಳ್ಳ ಕೊಳವೆಯನ್ನು ಅನ್ನನಾಳದಲ್ಲಿ ಇಳಿಸಿ, ಹಾಸಿಗೆಯ ಬಳಿಯಲ್ಲೇ ನೋಡುವುದುಂಟು. ಅನ್ನನಾಳಕ್ಕೂ ಮಹಾಧಮನಿಗೂ ಎದೆಯಲ್ಲಿ ಅಷ್ಟು ಹತ್ತಿರದ ನೆರೆ.